ಕೌದಿಯ ನಾಲ್ಕು ಮೂಲೆ

ಯುಗಾದಿ ಕಳೆದು, ಜೋಳ-ಕಡಲೆಯ ರಾಶಿ ಮನೆ ಸೇರಿ, ಮುಂಗಾರಿನ ಹರಗುವ ಕೆಲಸ ಇನ್ನೂ ಶುರುವಾಗದ ಬಿಡುವಿನಲ್ಲಿ ಯಲಬುರ್ಗಾ ಕಡೆಯ ಎರೆಸೀಮೆಯ ಊರುಗಳಲ್ಲಿ ಅರಿವೆ ಗಂಟು ಬಿಚ್ಚುತ್ತದೆ. ವರ್ಷವಿಡೀ ಮೂಲೆಯಲ್ಲಿ ಬಿದ್ದು ದಪ್ಪವಾಗುತ್ತ ಹೋದ ಗಂಟು ಅದು. ಅಜ್ಜನ ಧೋತರ, ನಡುವೆ ಸವೆದು ಅಂಚು ಮಾತ್ರ ಗಟ್ಟಿ ಉಳಿದ ಸೀರೆ, ತೋಳು ಹರಿದ ಅಂಗಿ, ಮಕ್ಕಳಿಗೆ ಗಿಡ್ಡವಾದ ಪರಕಾರ, ಮೊಣಕಾಲಿಗೆ ತೂತು ಬಿದ್ದ ಸಾಲಿ ಚಡ್ಡಿ, ಕುಬಸ ಹೊಲಿಸಿ ಉಳಿದ ಖಣದ ಚೂರು. ಪಡಸಾಲೆಯಲ್ಲಿ ಅವನ್ನೆಲ್ಲ ಸುರುವಿದಾಗ ಒಂದು ಮನೆತನದ ಹತ್ತು ವರ್ಷದ ಉಡುಗೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಒಂದಕ್ಕೊಂದು ಅಳತೆ ಕೂಡುವುದಿಲ್ಲ. ಒಂದು ಗಟ್ಟಿ, ಒಂದು ಜಾಳು. ಒಂದು ನೂರು ಸಲ ಒಗೆಸಿಕೊಂಡು ಕುಗ್ಗಿದ್ದು, ಇನ್ನೊಂದು ನೀರನ್ನೇ ಕಾಣದ್ದು. ಇವುಗಳಿಂದ ಐದು ಮೊಳ ಉದ್ದದ, ಮೂರೂವರೆ ಮೊಳ ಅಗಲದ, ಹಾಸಿದರೆ ನೆಲಕ್ಕೆ ಅಂಟಿ ಕೂರುವ ಕೌದಿಯನ್ನು ಹೊಲಿಯಬೇಕು. ನಾಲ್ಕು ಮೂಲೆಯೂ ಕೂಡಬೇಕು.

ಕೌದಿ ಎಂದಾಗ ನಾವು ಬಣ್ಣದ ಮಾತಾಡುತ್ತೇವೆ, ಬೆಚ್ಚನೆಯ ಮಾತಾಡುತ್ತೇವೆ, ಅವ್ವನ ಸೀರೆಯ ವಾಸನೆಯ ಮಾತಾಡುತ್ತೇವೆ. ಅದನ್ನು ನೆಟ್ಟಗೆ ಇಡುವ ವಿದ್ಯೆಯ ಮಾತು ಬರುವುದು ಕಡಿಮೆ. ನನಗೆ ದೊಡ್ಡದಾಗಿ ಕಾಣುವುದು ಆ ವಿದ್ಯೆಯೇ. ಸೊಟ್ಟ ಬಟ್ಟೆಗಳಿಂದ ನೆಟ್ಟನೆಯ ಹಾಸಿಗೆ ಮಾಡುವುದು ಲೆಕ್ಕ ಗೊತ್ತಿರುವ ಕೈ ಮಾಡುವ ಕೆಲಸ, ಲೆಕ್ಕ ಬರೆದಿಟ್ಟಿಲ್ಲ ಅಷ್ಟೇ.

ಮೊದಲ ಕೆಲಸ ಅರಿವೆಯನ್ನು ಜಗ್ಗಿ ನೋಡುವುದು. ಹಿರಿಯಾಕೆ ಒಂದೊಂದು ತುಂಡನ್ನೂ ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಓರೆಯಾಗಿ ಒಮ್ಮೆ ಜಗ್ಗುತ್ತಾಳೆ. ಮಗ್ಗದ ಮೇಲೆ ಬಿಗಿದು ಕಟ್ಟಿದ ಹಾಸಿನ ಎಳೆ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ. ಹೊಕ್ಕಿನ ಎಳೆ ತುಸು ಹಿಗ್ಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಜಗ್ಗಿದರೆ ಎಂಥ ಗಟ್ಟಿ ಬಟ್ಟೆಯೂ ಸೋತು ಬರುತ್ತದೆ, ಯಾಕೆಂದರೆ ಆ ದಿಕ್ಕಿನಲ್ಲಿ ಅದನ್ನು ತಡೆಯುವ ಎಳೆಯೇ ಇಲ್ಲ. ಆದ್ದರಿಂದ ಉದ್ದನೆಯ ತುಂಡುಗಳ ಹಾಸು ಕೌದಿಯ ಉದ್ದಕ್ಕೆ ಬೀಳಬೇಕು. ಪರಕಾರದ ಕಳಿಯಂಥ ಓರೆ ಕತ್ತರಿಸಿದ ತುಂಡು ಅಂಚಿಗೆ ಬರಕೂಡದು. ಬಂದರೆ ಒಂದೇ ಮಳೆಗಾಲದಲ್ಲಿ ಅಂಚು ಅಲೆಅಲೆಯಾಗಿ ಏಳುತ್ತದೆ. ಅಂಥ ತುಂಡನ್ನು ಆಕೆ ನಡುವಿಗೆ ಎಸೆಯುತ್ತಾಳೆ. ಅಲ್ಲಿ ನಾಲ್ಕೂ ಕಡೆಯಿಂದ ಬೇರೆ ತುಂಡುಗಳು ಅದನ್ನು ಹಿಡಿದುಕೊಳ್ಳುತ್ತವೆ.

ಈ ಸೀಮೆಯಲ್ಲಿ ಕೌದಿಯ ತಳಕ್ಕೆ ಬಹಳ ಸಲ ಬರುವುದು ಇಳಕಲ್ ಸೀರೆ. ಕುಷ್ಟಗಿಯಿಂದ ಹೆದ್ದಾರಿ ಹಿಡಿದರೆ ಇಳಕಲ್ ಒಂದು ತಾಸಿನೊಳಗಿನ ದಾರಿ. ಮದುವೆ, ಸೀಮಂತ, ಬಾಣಂತನ ಎಲ್ಲಕ್ಕೂ ಅಲ್ಲಿಂದಲೇ ಸೀರೆ ಬಂದಿರುತ್ತದೆ. ಆ ಸೀರೆಯ ಒಡಲು ಒಂದು ನೂಲಿನದು, ದಡಿ ಮತ್ತು ಸೆರಗು ಇನ್ನೊಂದು ನೂಲಿನವು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದೇ ಇಳಕಲ್ ನೇಕಾರರ ಹೆಸರಾದ ಕಸುಬು. ಉಡುವಾಗ ಅದು ಚಂದ. ಕೌದಿಗೆ ಹಾಕುವಾಗ ಅದೇ ತೊಡಕು. ಹತ್ತಿಯ ಒಡಲು ವರ್ಷಗಟ್ಟಲೆ ಒಗೆತಕ್ಕೆ ಕುಗ್ಗಿರುತ್ತದೆ, ಮಿರುಗುವ ನೂಲಿನ ದಡಿ ಅಷ್ಟು ಕುಗ್ಗಿರುವುದಿಲ್ಲ. ಹಾಸಿದ ಕೂಡಲೇ ಪರಾಸಪೇಟ ದಡಿಯೋ ಗೋಮಿ ದಡಿಯೋ ನೆರಿಗೆ ಕಟ್ಟಿಕೊಂಡು ನೆಲ ಬಿಟ್ಟು ಮೇಲೇಳುತ್ತದೆ. ಅದನ್ನು ಬಲವಂತವಾಗಿ ಎಳೆದು ಚಪ್ಪಟೆ ಮಾಡಿದರೆ ಸವೆದ ಒಡಲು ಹರಿಯುತ್ತದೆ. ಕಲ್ಲಿಟ್ಟು ಒತ್ತಿದರೆ ನೆರಿಗೆ ಪಕ್ಕಕ್ಕೆ ಸರಿಯುತ್ತದೆ, ಹೋಗುವುದಿಲ್ಲ. ಗೊತ್ತಿದ್ದವರು ದಡಿಯನ್ನು ಬಿಚ್ಚಿ ತೆಗೆದುಬಿಡುತ್ತಾರೆ. ಕೊನೆಯಲ್ಲಿ ಅದೇ ದಡಿಯನ್ನು ಸುತ್ತಲೂ ಮಡಚಿ ಗೋಟಿನ ಹಾಗೆ ಹಚ್ಚುತ್ತಾರೆ. ದಡಿ ತೆಗೆಯಲು ಮನಸ್ಸಿಲ್ಲದಿದ್ದರೆ ಹೆಚ್ಚಾದ ಉದ್ದವನ್ನು ಗೇಣಿಗೊಂದು ಚಿಟಿಕೆಯಷ್ಟು ಹಂಚಿ ಹೊಲಿಗೆಯೊಳಗೆ ಕೂಡಿಸುತ್ತಾರೆ. ಒಂದೇ ಕಡೆ ಕೂಡಿಸಿದರೆ ಬುಗುಟೆ. ಇಡೀ ಅಂಚಿಗೆ ಹಂಚಿದರೆ ಕಣ್ಣಿಗೇ ಬೀಳುವುದಿಲ್ಲ.

ತಳ ಹಾಸುವ ಕ್ರಮ ನೋಡುವಂಥದ್ದು. ಮೊದಲು ನೆಲ ಗುಡಿಸುತ್ತಾರೆ. ಒಂದು ಹರಳು ಉಳಿದರೂ ಬಟ್ಟೆ ಅಲ್ಲಿ ಏಳುತ್ತದೆ. ಒಂದು ಸೀರೆಯನ್ನು ಐದು ಮೊಳಕ್ಕೆ ಎರಡು ತುಂಡು ಮಾಡಿ ಅಂಚಿಗೆ ಅಂಚು ಕೂಡಿಸಿದ ತಳವನ್ನು ಬಿಡಿಸಿ, ಇಬ್ಬರು ಎದುರುಬದುರು ನಿಂತು ಒಮ್ಮೆ ಗಾಳಿ ತುಂಬಿಸಿ ಕೆಳಗೆ ಬಿಡುತ್ತಾರೆ. ಬಿದ್ದ ಹಾಗೆ ಬಿದ್ದಿರಲಿ ಎಂದು ಒಂದು ಕ್ಷಣ ಕಾಯುತ್ತಾರೆ. ಆಮೇಲೆ ಒದ್ದೆ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತ ಹೋಗುತ್ತಾರೆ. ಹೊರಗಿನಿಂದ ಒಳಕ್ಕೆ ಸವರಿದರೆ ಸುಕ್ಕೆಲ್ಲ ನಡುವೆ ಗುಡ್ಡೆಯಾಗುತ್ತದೆ. ಮೂಲೆಗೊಂದು ಗುಂಡುಕಲ್ಲು, ಉದ್ದದ ಅಂಚಿಗೆ ಒಂದು ತುಂಬಿದ ಕೊಡ, ಇನ್ನೊಂದು ಕಡೆಗೆ ಸೇರು-ಅಚ್ಚೇರು ಏನಾದರೂ.

"ಮೂಲಿಗಿ ಮೂಲಿ ಕೂಡಸು, ನೋಡೂಣು."

ಈ ಮಾತು ಇಡೀ ಕೆಲಸದಲ್ಲಿ ಹತ್ತಾರು ಸಲ ಕೇಳಿಸುತ್ತದೆ. ತಳವನ್ನು ಉದ್ದಕ್ಕೆ ಮಡಚಿ ಮೂಲೆಗೆ ಮೂಲೆ ಕೂಡಿಸುವುದು, ಮತ್ತೆ ಅಗಲಕ್ಕೆ ಮಡಚಿ ಕೂಡಿಸುವುದು. ಎದುರುಬದುರಿನ ಅಂಚು ಸರಿಸಮ ಇದ್ದರೂ ಬಟ್ಟೆ ಸೊಟ್ಟ ಇರಬಹುದು. ಎರಡೂ ಬದಿ ಒಂದೇ ಕಡೆಗೆ ವಾಲಿದರೆ ಗೇಣಿನಿಂದ ಅಳೆದವರಿಗೆ ಅದು ತಿಳಿಯುವುದಿಲ್ಲ. ಮಡಚಿದಾಗ ತಿಳಿಯುತ್ತದೆ. ಇನ್ನೊಂದು ಉಪಾಯ ದಾರದ್ದು. ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ದಾರ ಹಿಡಿದು, ಅದೇ ಅಳತೆಯನ್ನು ಉಳಿದ ಎರಡು ಮೂಲೆಗಳಿಗೆ ಹಿಡಿಯುವುದು. ಎರಡೂ ಕೂಡಿದರೆ ಮೂಲೆಗಳು ಸರಿ. ಮನೆಯ ಪಾಯ ಹಾಕುವ ಗೌಂಡಿಯೂ ಇದನ್ನೇ ಮಾಡುತ್ತಾನೆ. ಇಟಗಿಯ ಮಹಾದೇವ ದೇವಾಲಯ 1112ರದು, ಕುಕನೂರಿನ ಪಕ್ಕದಲ್ಲೇ ಇದೆ. ಅಲ್ಲಿಯ ಕಲ್ಲುಕುಟಿಗರಿಗೂ ಈ ಕರ್ಣದ ಲೆಕ್ಕ ತಿಳಿಯದೆ ಒಂದು ಕಂಬವೂ ನಿಲ್ಲುತ್ತಿರಲಿಲ್ಲ. ಪಡಸಾಲೆಯಲ್ಲಿ ದಾರ ಹಿಡಿದು ಕುಳಿತವಳ ಲೆಕ್ಕ ಅದಕ್ಕಿಂತ ಕಡಿಮೆಯದಲ್ಲ ಎಂದೇ ನನ್ನ ಎಣಿಕೆ.

ತಳದ ಮೇಲೆ ಒಳಪದರು. ಸವೆದ ಧೋತರ, ಬಿಚ್ಚಿ ಹರಡಿದ ಅಂಗಿಗಳು, ಮೂರು ಪದರೋ ಐದೋ ಇದ್ದಷ್ಟು. ಅಂಗಿಯ ಹೊಲಿಗೆ, ಗುಂಡಿಪಟ್ಟಿ, ಕಾಲರು ಎಲ್ಲ ಕತ್ತರಿಸಿ ತೆಗೆದಿರಬೇಕು. ತುಂಡುಗಳು ಒಂದರ ಮೇಲೊಂದು ಬಂದ ಜಾಗ ದಪ್ಪವಾಗುತ್ತದೆ, ಬರದ ಜಾಗ ತಗ್ಗು ಬೀಳುತ್ತದೆ. ಅಂಗೈ ಆಡಿಸಿ ತಗ್ಗು ಹುಡುಕಿ ಅಲ್ಲಿಗೊಂದು ಚೂರು ತುಂಬುತ್ತಾರೆ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಮರದ ಮೂರ್ತಿಗೆ ಬಣ್ಣ ಹಾಕುವ ಮೊದಲು ಹುಣಸೆಬೀಜದ ಅಂಟಿನಲ್ಲಿ ಬಟ್ಟೆಯ ಚೂರು ಹಚ್ಚಿ ಮೈಯನ್ನು ಸಮ ಮಾಡುತ್ತಾರೆ. ಹಳೆಯ ಅರಿವೆ ಒಂದೇ ಸೀಮೆಯ ಎರಡು ಕಸುಬುಗಳಲ್ಲಿ ಒಂದೇ ಕೆಲಸಕ್ಕೆ ಬರುತ್ತದೆ.

ಕೌದಿಯ ಅಸಲು ಗುಟ್ಟು ಇರುವುದು ಮೇಲುಪದರಿನ ತ್ಯಾಪೆಗಳಲ್ಲಿ. ಊರ ಕೌದಿಯಲ್ಲಿ ಮೇಲುಪದರನ್ನು ಮೊದಲೇ ಪೂರ್ತಿ ಕೂಡಿಸಿಟ್ಟು ಆಮೇಲೆ ತಳಕ್ಕೆ ಹೊಲಿಯುವ ರೂಢಿ ಕಡಿಮೆ. ಅಂಚಿನಿಂದ ಶುರು ಮಾಡಿ, ಒಂದು ತ್ಯಾಪೆ ಇಟ್ಟು, ಅದರ ತುದಿ ಒಳಕ್ಕೆ ಮಡಚಿ, ಕೆಳಗಿನ ಎಲ್ಲ ಪದರುಗಳ ಸಮೇತ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋಗುತ್ತಾರೆ. ಪಕ್ಕದ ತ್ಯಾಪೆ ಅದರ ಅಂಚನ್ನು ತುಸು ಮುಚ್ಚಿ ಕೂರುತ್ತದೆ. ಪಕ್ಕದ ತುಂಡು ಅರ್ಧ ಬೆರಳು ಹೆಚ್ಚಿದ್ದರೆ ಆ ಅರ್ಧ ಬೆರಳನ್ನು ಅಲ್ಲೇ ಮಡಚಿ ಒಳಗೆ ತಳ್ಳುತ್ತಾರೆ. ಕಡಿಮೆ ಬಿದ್ದರೆ ಒಂದು ಪಟ್ಟಿ ಸೇರಿಸುತ್ತಾರೆ. ಹೀಗಾಗಿ ಸೊಟ್ಟತನ ಒಂದು ತ್ಯಾಪೆಯಿಂದ ಮುಂದಿನದಕ್ಕೆ ದಾಟುವುದೇ ಇಲ್ಲ, ಹುಟ್ಟಿದ ಮಡಿಕೆಯಲ್ಲೇ ಮುಗಿಯುತ್ತದೆ. ನೂರು ತುಂಡಿನ ನೂರು ತಪ್ಪು ಕೂಡಿ ಕೊನೆಯಲ್ಲಿ ಒಂದು ಮೊಳದ ತಪ್ಪಾಗುವ ಅಪಾಯ ಇಲ್ಲಿ ಬರುವುದಿಲ್ಲ.

ಆದರೂ ನಡುವೆ ಒಮ್ಮೊಮ್ಮೆ ಉಬ್ಬು ಬರುತ್ತದೆ. ಸುತ್ತಲಿನಿಂದ ಹೊಲಿಗೆ ಒಳಕ್ಕೆ ಬಂದಂತೆ ಮೇಲುಪದರು ಸೂಜಿಯ ಮುಂದೆ ಮುಂದೆ ಸರಿಯುತ್ತ ನಡುವಿಗೆ ಬಂದು ಸೇರಿರುತ್ತದೆ.

"ಯಕ್ಕಾ, ಇಲ್ಲಿ ಹೊಟ್ಟಿ ಬಂದೈತಿ ನೋಡು."

"ಜಗ್ಗಬ್ಯಾಡ. ಹೊಲಗಿ ನಿಲ್ಲಸು. ಹಿಂದಿನ ಎರಡು ಸಾಲು ಬಿಚ್ಚು."

ಬಿಚ್ಚುವುದಕ್ಕೆ ಯಾರೂ ಬೇಸರಪಡುವುದಿಲ್ಲ. ಬಿಚ್ಚಿ, ಸಡಿಲ ಬಿದ್ದ ಬಟ್ಟೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ಸವರಿ, ನಾಲ್ಕು ಸಾಲಿನ ನಡುವೆ ಹಂಚಿ, ಉದ್ದುದ್ದ ಟಾಕಿ ಹಾಕಿ ಹಿಡಿದಿಟ್ಟು ಮತ್ತೆ ಹೊಲಿಯುತ್ತಾರೆ. ಉಬ್ಬು ಹೆಚ್ಚಿದ್ದರೆ ಕತ್ತರಿ ಹಾಕಿ ಸೀಳಿ, ಒಂದರ ಮೇಲೊಂದು ಮಡಚಿ, ಮೇಲೆ ಚೌಕದ ತ್ಯಾಪೆ ಕೂರಿಸುತ್ತಾರೆ. ನೋಡಿದವರಿಗೆ ಅದು ಚಂದಕ್ಕಾಗಿ ಇಟ್ಟ ನಡುವಿನ ಹೂವಿನಂತೆ ಕಾಣುತ್ತದೆ. ಎಷ್ಟೋ ಕೌದಿಗಳ ನಡುವಿನ ಆ ಚೌಕ ನಿಜಕ್ಕೂ ಅಲಂಕಾರವೋ ದುರಸ್ತಿಯೋ ಎಂದು ಹೊಲಿದವಳು ಮಾತ್ರ ಹೇಳಬಲ್ಲಳು.

ನಾಲ್ಕು ಜನ ನಾಲ್ಕು ಬದಿಗೆ ಕುಳಿತು ಹೊಲಿಯುವಾಗ ಇನ್ನೊಂದು ತೊಡಕಿದೆ. ಎಲ್ಲರ ಕೈ ಒಂದೇ ಬಿಗಿಯಲ್ಲಿ ದಾರ ಎಳೆಯುವುದಿಲ್ಲ. ಒಬ್ಬಳ ಹೊಲಿಗೆ ಬಿಗಿ. ಅವಳ ಕಡೆಯ ಅಂಚು ದಿನ ಮುಗಿಯುವಷ್ಟರಲ್ಲಿ ಎರಡು ಬೆರಳು ಗಿಡ್ಡವಾಗಿರುತ್ತದೆ. ಇನ್ನೊಬ್ಬಳದು ಸಡಿಲ, ಅವಳ ಕಡೆ ಹಿಗ್ಗಿರುತ್ತದೆ. ಆದ್ದರಿಂದ ಚಹಾ ಕುಡಿದು ಎದ್ದಾಗ ಜಾಗ ಬದಲಾಯಿಸುತ್ತಾರೆ. ಬಿಗಿ ಕೈ ಸಡಿಲ ಸಾಲಿಗೆ ಬರುತ್ತದೆ, ಸಡಿಲ ಕೈ ಬಿಗಿ ಸಾಲಿಗೆ. ಹಾಡು, ಹರಟೆ, ಸೊಸೆಯರ ಸುದ್ದಿ, ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಹೋಗಿ ಬಂದ ನೆನಪು ಎಲ್ಲ ಜೊತೆಗೆ ನಡೆಯುತ್ತವೆ. ದಾರ ಎಳೆಯುವ ಬೆರಳು ಮಾತ್ರ ಒಂದೇ ಹದದಲ್ಲಿ ಇರಬೇಕು. ಸಿಟ್ಟು ಬಂದಾಗ ಹೊಲಿಯಬಾರದು ಎಂದು ಹಿರಿಯರು ಹೇಳುವುದು ಶಾಸ್ತ್ರಕ್ಕಲ್ಲ. ಸಿಟ್ಟಿನ ಕೈ ದಾರವನ್ನು ಬಿಗಿಯುತ್ತದೆ.

ಕೈ ಬಿಡುವಿಲ್ಲದ ಮನೆಗಳಿಗೆ ಊರಿಂದ ಊರಿಗೆ ಹೋಗಿ ಕೌದಿ ಹೊಲಿದುಕೊಡುವವರಿದ್ದಾರೆ. ಗೊಂದಲಿಗರು, ಜೋಗೇರರಂಥ ಅಲೆಮಾರಿ ಕುಟುಂಬಗಳ ಹೆಣ್ಣುಮಕ್ಕಳ ಕೈಯಲ್ಲಿ ಈ ಕಸುಬು ಬಹಳ ಕಾಲದಿಂದ ಇದೆ. ಯಾರದೋ ಮನೆಯ ಕಟ್ಟೆ, ಗುಡಿಯ ಮುಂದಿನ ಬಯಲು, ಬೇವಿನ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಹಾಸಿ ಕೂರುತ್ತಾರೆ. ನೆಲ ಸಮ ಇಲ್ಲದ ಕಡೆ ಕೌದಿ ಹೊಲಿಯುವುದು ಎಷ್ಟು ಕಷ್ಟ ಎಂಬುದನ್ನು ಕುಳಿತು ನೋಡಿಯೇ ತಿಳಿಯಬೇಕು. ಅವರು ಒಮ್ಮೆಗೆ ಪೂರ್ತಿ ಹಾಸುವುದಿಲ್ಲ. ಹೊಲಿದ ಭಾಗವನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಮುಂದಿನ ಒಂದು ಮೊಳವನ್ನು ಮಾತ್ರ ಬಿಡಿಸಿ ಕೆಲಸ ಮಾಡುತ್ತಾರೆ. ಅವರ ಪಾಲಿಗೆ ಸಮನಾದ ನೆಲ ಎಂದರೆ ಅವರ ಮೊಣಕಾಲು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯೂ ಇದೇ ಕುಲದ್ದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅದರ ಮೇಲೆ ಕೆಲಸ ಮಾಡಿ ಹೊರಲೋಕಕ್ಕೆ ತೋರಿಸಿದರು. ಅಲ್ಲಿಯೂ ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ, ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತುಂಡಿನ ಹೂವು ಹಚ್ಚುತ್ತಾರೆ. ಎಳೆತಕ್ಕೆ ಮೊದಲು ಸಿಕ್ಕು ಸೋಲುವುದು ಮೂಲೆಯೇ. ಅಲ್ಲಿ ನಾಲ್ಕು ಪದರು ಹೆಚ್ಚು ಕೂರುವುದು ಚಂದಕ್ಕೂ ಹೌದು, ಬಲಕ್ಕೂ ಹೌದು.

ಗಂಗಾವತಿಯ ಕಡೆ ಇಳಿದರೆ ಅರಿವೆ ಗಂಟಿನ ಗುಣವೇ ಬದಲಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಅದು ಭತ್ತದ ಸೀಮೆ, ದುಡ್ಡು ಓಡಾಡುವ ಸೀಮೆ, ಸಂತೆಯಲ್ಲಿ ಅಗ್ಗದ ಸೀರೆ ರಾಶಿ ಬೀಳುವ ಸೀಮೆ. ಗಂಟಿನಲ್ಲಿ ಹತ್ತಿ ಕಡಿಮೆ. ಜಾರುವ ಪಾಲಿಸ್ಟರ್, ಹಿಗ್ಗುವ ಲೆಗ್ಗಿಂಗ್ಸು, ಟೀ ಶರ್ಟು ಹೆಚ್ಚು. ಹತ್ತಿಗೆ ಹತ್ತಿ ಅಂಟಿ ಕೂರುತ್ತದೆ. ಪಾಲಿಸ್ಟರ್ ಮೇಲೆ ಪಾಲಿಸ್ಟರ್ ಇಟ್ಟರೆ ಉಸಿರು ಬಿಟ್ಟರೂ ಸರಿಯುತ್ತದೆ. ಅದಕ್ಕೆ ಎರಡು ಜಾರು ಪದರುಗಳ ನಡುವೆ ಒಂದು ಒರಟು ಹತ್ತಿಯ ಧೋತರ ಹಾಸಿ, ಗೇಣಿಗೊಂದರ ಬದಲು ನಾಲ್ಕು ಬೆರಳಿಗೊಂದು ಟಾಕಿ ಹಾಕುತ್ತಾರೆ. ಹಿಗ್ಗುವ ಬಟ್ಟೆಗೆ ಅನ್ನದ ಗಂಜಿಯೇ ಮದ್ದು. ತೆಳ್ಳನೆಯ ಗಂಜಿಯಲ್ಲಿ ಅದ್ದಿ, ಎಳೆಯದೆ ನೆಲದ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿದರೆ ಟೀ ಶರ್ಟೂ ಕಾಗದದಷ್ಟು ಗಟ್ಟಿಯಾಗಿ ಹೇಳಿದ ಕಡೆ ಕೂರುತ್ತದೆ. ಹೊಲಿಗೆ ಬಿದ್ದ ಮೇಲೆ ಗಂಜಿ ಮೊದಲ ಒಗೆತದಲ್ಲೇ ಹೋಗುತ್ತದೆ, ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಮಾಡಬಾರದ್ದು ಒಂದೇ: ನೀರು ಕಾಣದ ಹೊಸ ಹತ್ತಿಯನ್ನು ಒಗೆಯದೆ ಹಳೆಯ ಹತ್ತಿಯ ಪಕ್ಕ ಇಡುವುದು. ಮೊದಲ ಸಲ ಒಗೆದಾಗ ಹೊಸದು ಕುಗ್ಗುತ್ತದೆ, ಸುತ್ತಲಿನದೆಲ್ಲ ಗಂಟು ಕಟ್ಟುತ್ತದೆ.

ಈಗ ಪೇಟೆಗಳಲ್ಲಿ ಮಷಿನ್ ಮೇಲೆ ಕೌದಿ ಹೊಲಿದುಕೊಡುವ ಟೇಲರ್‌ಗಳಿದ್ದಾರೆ. ಒಂದು ವಾರದ ಕೈಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ, ಬೇಕಾದವರಿಗೆ ಅದು ಅನುಕೂಲವೇ. ಆದರೆ ಮಷಿನ್ ತನ್ನದೇ ಒಂದು ಸೊಟ್ಟವನ್ನು ತರುತ್ತದೆ. ಕೆಳಗಿನ ಹಲ್ಲು ತಳದ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಮೇಲುಪದರನ್ನು ಒತ್ತಿ ಹಿಡಿಯುತ್ತದೆ. ತಳ ಬೇಗ ಸರಿಯುತ್ತದೆ, ಮೇಲಿನದು ತಡವಾಗಿ ಸರಿಯುತ್ತದೆ. ಒಂದು ಸಾಲಿಗೆ ಕೂದಲೆಳೆಯಷ್ಟು ಅಂತರ. ಐವತ್ತು ಸಾಲು ಒಂದೇ ದಿಕ್ಕಿಗೆ ಓಡಿಸಿದರೆ ಚೌಕದ ಕೌದಿ ಒಂದು ಕಡೆಗೆ ವಾಲಿಬಿಡುತ್ತದೆ. ಒಂದು ಸಾಲು ಮೇಲಕ್ಕೆ ಒಂದು ಸಾಲು ಕೆಳಕ್ಕೆ ಹೊಲಿದರೆ ವಾಲುವುದಿಲ್ಲ, ಆದರೆ ಎರಡು ಸಾಲುಗಳ ನಡುವೆ ಓರೆ ಸುಕ್ಕು ಏಳುತ್ತದೆ. ಅನುಭವಿ ಟೇಲರ್ ನಟ್ಟ ನಡುವೆ ಮೊದಲ ಸಾಲು ಹಾಕಿ, ಅಲ್ಲಿಂದ ಎರಡೂ ಬದಿಗೆ ಹೊರಡುತ್ತಾನೆ. ಪಾದದ ಒತ್ತಡ ಸಡಿಲಿಸಿ, ಮೇಲುಪದರನ್ನು ಎರಡೂ ಅಂಗೈಯಿಂದ ಸೂಜಿಯ ಕಡೆಗೆ ತುಸು ನೂಕಿಕೊಡುತ್ತಾನೆ. ಕೈಹೊಲಿಗೆ ಅಂಚಿನಿಂದ ನಡುವಿಗೆ, ಮಷಿನ್ ಹೊಲಿಗೆ ನಡುವಿನಿಂದ ಅಂಚಿಗೆ. ಕೈ ಪ್ರತಿ ಹೊಲಿಗೆಗೂ ನಿಂತು ನೋಡಬಲ್ಲದು, ಮಷಿನ್ ನಿಲ್ಲುವುದಿಲ್ಲ. ಅದರ ಹೆಚ್ಚುವರಿ ಬಟ್ಟೆಗೆ ಹೊರಗೆ ಹೋಗಲು ದಾರಿ ಬಿಟ್ಟಿರಬೇಕು.

ಅಮೆರಿಕ, ಯುರೋಪಿನ ಕಡೆ ಇದಕ್ಕೆಂದೇ ಲಾಂಗ್‌ಆರ್ಮ್ ಎಂಬ ದೊಡ್ಡ ಮಷಿನ್ ಇದೆ. ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟು, ಅದರಲ್ಲಿ ಉರುಳೆಗಳು. ಸಾಮಾನ್ಯವಾಗಿ ತಳ, ಮೇಲುಪದರು ಎರಡನ್ನೂ ಉರುಳೆಗಳಿಗೆ ಕಟ್ಟಿ ಬಿಗಿಯುತ್ತಾರೆ, ನಡುವೆ ಹತ್ತಿಯ ಹಾಸು ಇಡುತ್ತಾರೆ. ಬಟ್ಟೆ ನಿಂತೇ ಇರುತ್ತದೆ, ಉದ್ದ ತೋಳಿನ ಮಷಿನ್ನೇ ಅದರ ಮೇಲೆ ಹಳಿಯ ಮೇಲಿನ ಗಾಡಿಯ ಹಾಗೆ ಓಡಾಡಿ ಹೊಲಿಯುತ್ತದೆ. ಹಲ್ಲು-ಪಾದದ ಜಗ್ಗಾಟ ಅಲ್ಲಿಲ್ಲ. ಆದರೆ ಅವರ ಮೇಲುಪದರು ಪೂರ್ತಿ ಕೂಡಿಸಿ ಮುಗಿದ ಮೇಲೆ ಮಷಿನ್‌ಗೆ ಬರುತ್ತದೆ, ಬರುವಾಗಲೇ ತನ್ನ ಎಲ್ಲ ಸೊಟ್ಟವನ್ನೂ ಹೊತ್ತುಕೊಂಡು ಬರುತ್ತದೆ. ನಡುವಿಗಿಂತ ಅಂಚು ಉದ್ದವಾಗಿ ಅಲೆ ಎದ್ದಿರುತ್ತದೆ, ಒಂದು ಬದಿ ಇನ್ನೊಂದಕ್ಕಿಂತ ಗಿಡ್ಡವಾಗಿರುತ್ತದೆ. ಆಗ ಅವರು ಮಾಡುವುದೇನು? ತಳದ ನಡು, ಮೇಲುಪದರಿನ ನಡು ಗುರುತಿಸಿ ಒಂದರ ಮೇಲೊಂದು ಕೂಡಿಸುತ್ತಾರೆ. ಮೇಲುಪದರನ್ನು ಉರುಳೆಗೆ ಬಿಗಿಯದೆ ಸುಮ್ಮನೆ ಮೇಲೆ ಹಾಸಿ, ಮಷಿನ್‌ನ ಒಂದು ದಿಕ್ಕಿನ ಚಲನೆಗೆ ಬೀಗ ಹಾಕಿ ನೇರ ಗೆರೆಯೊಂದನ್ನು ಓಡಿಸಿ ಅದಕ್ಕೆ ಅಂಚನ್ನು ಸರಿಹೊಂದಿಸುತ್ತಾರೆ. ಅಂಚನ್ನು ಅರ್ಧ, ಕಾಲು, ಅರೆಕಾಲು ಎಂದು ಭಾಗ ಮಾಡಿ ಟಾಕಿ ಹಾಕಿ, ಹೆಚ್ಚಾದ ಬಟ್ಟೆಯನ್ನು ಎಲ್ಲ ಭಾಗಕ್ಕೂ ಹಂಚುತ್ತಾರೆ. ಗಂಜಿ ಹಾಕುತ್ತಾರೆ, ಹಬೆ ಕೊಡುತ್ತಾರೆ. ಕುಷ್ಟಗಿಯ ಹಳ್ಳಿಯ ಹೆಂಗಸು ಇಳಕಲ್ ದಡಿಯ ಹೆಚ್ಚುವರಿಯನ್ನು ಗೇಣಿಗೊಂದು ಚಿಟಿಕೆಯಂತೆ ಹಂಚುವಾಗ ಮಾಡುವುದೂ ಇದನ್ನೇ. ಅವರಿಗೆ ಕೊನೆಯಲ್ಲಿ ಒಟ್ಟಿಗೆ ಎದುರಾಗುವ ಸಮಸ್ಯೆಯನ್ನು ನಮ್ಮ ಕೌದಿ ಮೊದಲ ತ್ಯಾಪೆಯಿಂದಲೇ ತುಸುತುಸುವಾಗಿ ತೀರಿಸುತ್ತ ಬರುತ್ತದೆ ಎಂಬುದು ನನಗೆ ಹೆಮ್ಮೆಯ ಮಾತು. ಕೈಯಿಂದ ಹೊಲಿದ ಕೌದಿಗೆ ಬೆಲೆ ಕಟ್ಟುವಾಗ ಬಟ್ಟೆ ಹಳೆಯದು ಎಂದು ಚೌಕಾಸಿ ಮಾಡುವವರು ಆ ಲೆಕ್ಕವನ್ನೂ ಹಿಡಿಯಬೇಕು.

ಹೊಲಿದ ಕೌದಿಯ ಪರೀಕ್ಷೆ ನಡೆಯುವುದು ಮಹಾನವಮಿಯ ಮುಂಚೆ. ಮನೆ ಸುಣ್ಣ ಸಾರಣೆ ಶುರುವಾಗುತ್ತಲೇ ಇಡೀ ಊರಿನ ಹಾಸಿಗೆ-ಹೊದಿಕೆ ಹಳ್ಳಕ್ಕೆ ಹೊರಡುತ್ತವೆ. ಕಿನ್ನಾಳದ ಕಡೆ ಹಿರೇಹಳ್ಳ, ಆನೆಗೊಂದಿಯ ಕಡೆ ತುಂಗಭದ್ರೆಯ ಬಂಡೆಗಳು. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತಲಾಗುವುದಿಲ್ಲ. ಇಬ್ಬರು ಎದುರು ನಿಂತು ಹಿಂಡಿ, ಬಂಡೆಯ ಮೇಲೆ ಹರಡುತ್ತಾರೆ. ಒದ್ದೆಯಿದ್ದಾಗಲೇ ಮತ್ತೆ ಮೂಲೆಗೆ ಮೂಲೆ. ಒಂದು ಕರ್ಣ ಗಿಡ್ಡ ಕಂಡರೆ ಆ ಎರಡು ಮೂಲೆ ಹಿಡಿದವರು ಕಾಲು ಊರಿ ಹಿಂದಕ್ಕೆ ಜಗ್ಗುತ್ತಾರೆ. ಒಣ ಬಟ್ಟೆಯಲ್ಲಿ ಬೇಡವೆನ್ನುವ ಜಗ್ಗಾಟ ಒದ್ದೆ ಬಟ್ಟೆಯಲ್ಲಿ ನಡೆಯುತ್ತದೆ, ನೆನೆದ ಎಳೆ ಹೇಳಿದ ಕಡೆ ಸರಿದು ಹಾಗೆಯೇ ಒಣಗುತ್ತದೆ. ಹಗ್ಗದ ಮೇಲೆ ನೇತುಹಾಕಿದರೆ ತನ್ನ ಭಾರಕ್ಕೇ ಅದು ಜೋತು ಸೊಟ್ಟಾಗುತ್ತದೆ, ಆದ್ದರಿಂದ ಬಂಡೆಯೇ ಮೇಲು.

ಹತ್ತು ಹದಿನೈದು ವರ್ಷ ಹೀಗೆ ಒಗೆಸಿಕೊಂಡು ಮೇಲುಪದರು ಹರಿದ ಕೌದಿಯನ್ನು ಎಸೆಯುವುದಿಲ್ಲ. ಅದು ಹೊಸ ಕೌದಿಯ ಒಳಪದರಾಗುತ್ತದೆ. ಹೊಸ ತಳದ ಮೇಲೆ ಅದನ್ನು ಹಾಸುವಾಗ ಹಳೆಯ ಹೊಲಿಗೆಸಾಲು ಉದ್ದಕ್ಕೆ ಇದ್ದರೆ ಹೊಸ ಸಾಲನ್ನು ಅಡ್ಡಕ್ಕೆ ಹಾಕುತ್ತಾರೆ, ಹಳೆಯ ಎಳೆತ ಹೊಸ ಬಟ್ಟೆಯನ್ನು ತನ್ನ ದಿಕ್ಕಿಗೆ ಒಯ್ಯದಿರಲಿ ಎಂದು. "ಆ ಕಡಿ ತಿರುವಿ ಹಾಸ್ರಿ, ಅದು ಮೊದಲಿಂದನೂ ಎಡಕ್ಕ ವಾಲತಿತ್ತು" ಎಂದು ಹಿರಿಯಾಕೆ ಹೇಳುತ್ತಾಳೆ, ಸೊಸೆಯಂದಿರು ಅದನ್ನು ಎತ್ತಿ ಎಡದ ಮೂಲೆಯನ್ನು ಬಲಕ್ಕೆ ತಿರುಗಿಸಿ ಹಾಸುತ್ತಾರೆ.